ಕೆಳಮನೆಯ ಕಪ್ಪು ಹೆಂಚು

ಕೆಳಮನೆಯ ಕೊಟ್ಟಿಗೆ ಮಾಡಿನಲ್ಲಿ ಈಗಲೂ ನಾಲ್ಕು ಸಾಲು ಹೆಂಚು ಕಪ್ಪಗಿವೆ. ಮಲೆನಾಡಿನಲ್ಲಿ ಹೆಂಚು ಕಪ್ಪಾಗುವುದು ಸುದ್ದಿಯೇ ಅಲ್ಲ. ಎರಡು ಮಳೆಗಾಲ ಕಂಡರೆ ಸಾಕು, ಹಾವಸೆ ಹಿಡಿದು ಊರಿನ ಮಾಡುಗಳೆಲ್ಲ ಒಂದೇ ಬಣ್ಣ. ಆದರೆ ಆ ಕಪ್ಪು ಬೇರೆ, ಇದು ಬೇರೆ. ಹಾವಸೆಯನ್ನು ಬೇಸಿಗೆಯಲ್ಲಿ ಹತ್ತಿ ಕೆರೆದರೆ ಹೋಗುತ್ತದೆ. ಇದು ಹೆಂಚಿನ ಒಳಗೇ ಇಳಿದು ಕೂತಿದೆ. ಊರಿಗೆ ಹೋದಾಗಲೆಲ್ಲ ನನ್ನ ಕಣ್ಣು ಮೊದಲು ಹೋಗುವುದು ಆ ನಾಲ್ಕು ಸಾಲಿಗೆ. ಅವು ಒಡೆಯದೆ ಉಳಿದದ್ದು ಯಾರ ಕೈಯಿಂದ ಎಂಬುದು ನೆನಪಿರುವವರು ಈಗ ಊರಲ್ಲಿ ನಾಲ್ಕೈದು ಜನ ಇದ್ದರೆ ಹೆಚ್ಚು.

ಅದು 1993ರ ಡಿಸೆಂಬರ್. ನಾನು ಮೊದಲ ಪಿಯುಸಿ, ಕ್ರಿಸ್‌ಮಸ್ ರಜೆಗೆ ಊರಿಗೆ ಬಂದಿದ್ದೆ. ಶಿವಮೊಗ್ಗ ಜಿಲ್ಲೆಯ ಮೂಲೆಯ ಊರು ನಮ್ಮದು. ಊರು ಅಂದರೆ ತೋಟದ ನೆತ್ತಿಯ ಮೇಲೆ ಹರಡಿಕೊಂಡ ಏಳು ಮನೆ. ಅಡಿಕೆ ಸುಗ್ಗಿಯ ಭರ. ಸಂಜೆಯಾದರೆ ಕೆಳಮನೆ ಜಗಲಿಯಲ್ಲಿ ಮೆಟ್ಟುಗತ್ತಿಗಳ ಸಾಲು ಕೂರುತ್ತಿತ್ತು. ಹೆಂಗಸರು ಅಡಿಕೆ ಸುಲಿಯುತ್ತ, ಯಾರದೋ ಮದುವೆಯ ಸುದ್ದಿಯನ್ನೂ ಅಷ್ಟೇ ಚುರುಕಾಗಿ ಸುಲಿಯುತ್ತಿದ್ದರು. ಕೊಟ್ಟಿಗೆ ಪಕ್ಕದ ದೊಡ್ಡ ಒಲೆಯ ಮೇಲೆ ಹಂಡೆಯಲ್ಲಿ ಅಡಿಕೆ ಬೇಯುತ್ತಿತ್ತು. ಒಲೆಯ ಆಚೆ ಹತ್ತು ಹೆಜ್ಜೆಗೆ ದರಕಿನ ಕೊಟ್ಟಿಗೆ. ಒಣಗಿದ ಎಲೆಯ ರಾಶಿಯನ್ನು ಒಲೆಗೆ ಅಷ್ಟು ಹತ್ತಿರ ಯಾರಾದರೂ ಇಡುತ್ತಾರೆಯೇ ಎಂದು ಈಗ ಕೇಳಬಹುದು. ಅಲ್ಲಿ ನಲವತ್ತು ವರ್ಷದಿಂದ ಇಡುತ್ತ ಬಂದಿದ್ದರು, ಏನೂ ಆಗಿರಲಿಲ್ಲ. ನಾವೆಲ್ಲ ಮನೆ ನಡೆಸುವುದು ಈ ತರ್ಕದ ಮೇಲೆಯೇ.

ರಾತ್ರಿ ಒಂಬತ್ತರ ಸುಮಾರಿಗೆ "ಹೋಯ್, ಬೆಂಕಿ ಬಿತ್ತು!" ಎಂಬ ಕೂಗು ಕೇಳಿತು. ನಾವು ಊಟದ ಬಾಳೆ ಬಿಟ್ಟು ಓಡಿದೆವು. ಅಷ್ಟರಲ್ಲಿ ದರಕು ಹತ್ತಿ, ಅದರ ಸೋಗೆ ಮಾಡು ಹತ್ತಿ, ಬೆಂಕಿ ಕೊಟ್ಟಿಗೆಯ ಮೂಲೆ ಹಿಡಿದಿತ್ತು. ಯಾರೋ ಮೆಟ್ಟುಗತ್ತಿಯನ್ನೇ ಕಿತ್ತು ತಂದು ದನಗಳ ಹಗ್ಗ ಕೊಯ್ದರು. ಅದೊಂದನ್ನೇ ಆ ರಾತ್ರಿ ನಾವು ಸರಿಯಾಗಿ ಮಾಡಿದ್ದು. ಉಳಿದದ್ದೆಲ್ಲ ಗಲಾಟೆ. ಬಾವಿಯಿಂದ ಕೊಡ ಸೇದಿ ಸಾಲಾಗಿ ನಿಂತು ಎರಚಿದೆವು. ಕಾದ ಹೆಂಚಿನ ಮೇಲೆ ತಣ್ಣೀರು ಬಿದ್ದು ಫಟ್ ಫಟ್ ಎಂದು ಸೀಳಿದವು. ಅವು ಸೀಳಿದ ಸಂದಿಯಲ್ಲಿ ಬೆಂಕಿಗೆ ಇನ್ನಷ್ಟು ಗಾಳಿ. ನಾವು ಬೆಂಕಿ ಆರಿಸುತ್ತಿದ್ದೇವೆ ಅಂದುಕೊಂಡಿದ್ದೆವು, ಊದುತ್ತಿದ್ದೆವು.

ಊರಿಗಿದ್ದ ಒಂದೇ ಫೋನು ವಾರದಿಂದ ಸತ್ತಿತ್ತು. ನನ್ನ ಚಿಕ್ಕಪ್ಪ ರಾಜದೂತ್ ಹತ್ತಿ ಪೇಟೆಗೆ ಹೊರಟ. ಹದಿನಾರು ಕಿಲೋಮೀಟರ್, ಅರ್ಧ ಮಣ್ಣು ರಸ್ತೆ. ಫೈರ್ ಇಂಜಿನ್ ಬರುವಾಗ ಹತ್ತು ಗಂಟೆ ದಾಟಿತ್ತು. ಅಷ್ಟರಲ್ಲಿ ಕೊಟ್ಟಿಗೆ ಪೂರ್ತಿ ಹೋಗಿ, ಬಚ್ಚಲು ಹೋಗಿ, ಅಡುಗೆಮನೆ ಅಟ್ಟಕ್ಕೆ ಬೆಂಕಿ ಏರಿತ್ತು. ಅಟ್ಟದಲ್ಲಿ ಆ ವರ್ಷದ ಅರ್ಧ ಅಡಿಕೆ.

ಗಾಡಿ ಅರಳಿಕಟ್ಟೆಯ ಹತ್ತಿರವೇ ನಿಂತಿತು. ಅಲ್ಲಿಂದ ಮುಂದೆ ಕಾಲುಸಂಕ. ಆರು ಜನ ಇಳಿದರು. ಇಳಿದವರು ಓಡಿ ಬರುತ್ತಾರೆ ಅಂತ ನಾವೆಲ್ಲ ಕಾದರೆ ಅವರು ನಡೆದು ಬಂದರು! ಬೇಗ ಬೇಗ ನಡೆದರು, ನಿಜ, ಆದರೆ ಓಡಲಿಲ್ಲ. ನನಗೆ ಮೈ ಉರಿದುಹೋಯಿತು. "ಈಗ ಬಂದ್ರಾ? ಎಲ್ಲ ಸುಟ್ಟ ಮೇಲೆ?" ಎಂದು ಕೂಗಿದವರಲ್ಲಿ ನಾನೂ ಒಬ್ಬ. ಹದಿನಾರು ವರ್ಷದ ಗಂಟಲು, ಎಲ್ಲರಿಗಿಂತ ಜೋರಾಗಿಯೇ ಕೇಳಿಸಿರಬೇಕು. ಸುದ್ದಿ ಅವರಿಗೆ ಮುಟ್ಟಿದ್ದೇ ಚಿಕ್ಕಪ್ಪನ ರಾಜದೂತ್ ಪೇಟೆ ಮುಟ್ಟಿದ ಮೇಲೆ ಎಂಬುದು ಆ ಹೊತ್ತಿನಲ್ಲಿ ಯಾರ ತಲೆಗೂ ಹೋಗಲಿಲ್ಲ.

ಅವರ ಮುಂದಾಳು, ಲೀಡಿಂಗ್ ಫೈರ್‌ಮನ್, ನಲವತ್ತರ ಆಸುಪಾಸಿನ ಸಣಕಲು ಮನುಷ್ಯ. ಅಂಗಳದ ನಡುವೆ ನಿಂತು ಮನೆಯನ್ನು ಈ ತುದಿಯಿಂದ ಆ ತುದಿಗೆ ಒಂದು ಸಲ ನೋಡಿದ. ಆಮೇಲೆ ಕೇಳಿದ, "ಮನೇಲಿ ಎಷ್ಟು ಜನ?"

"ಎಲ್ಲ ಹೊರಗೆ ಬಂದಿದ್ದಾರೆ" ಎಂದು ಹತ್ತು ದನಿ.

"ಹಾಗಲ್ಲ. ಲೆಕ್ಕ ಹಾಕಿ ಹೇಳಿ."

ಮನೆಯವರು ಒಂಬತ್ತು, ಸುಲಿಯುವವರು ಏಳು. ಎಣಿಸಿದರೆ ಹದಿನೈದು. ಎದೆ ಝಲ್ಲೆಂದಿತು. ಮತ್ತೆ ಎಣಿಸಿದಾಗ ಹದಿನಾರನೆಯವಳು ಹಲಸಿನ ಮರದ ಬುಡದಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದು ಸಿಕ್ಕಿತು. ಬೆಂಕಿ ಆ ಕಡೆ ಭೋರ್ಗರೆಯುತ್ತಿದ್ದರೆ ಇವನು ಇಲ್ಲಿ ಮಗ್ಗಿ ಒಪ್ಪಿಸಿಕೊಳ್ಳುವ ಮೇಷ್ಟ್ರ ಹಾಗೆ ತಲೆ ಎಣಿಸುತ್ತಿದ್ದಾನಲ್ಲ ಎಂದು ಜನ ಹಲ್ಲು ಕಡಿದರು. ಅವನು ಎರಡನೆಯ ಪ್ರಶ್ನೆ ಕೇಳಿದ: "ಕರೆಂಟ್ ತೆಗೆದಿದ್ದೀರಾ?" ಇಲ್ಲ. ಒಬ್ಬ ಹೋಗಿ ಫ್ಯೂಸು ಕಿತ್ತ. ಮೂರನೆಯದು: "ಗ್ಯಾಸ್ ಉಂಟಾ? ಸಿಲಿಂಡರೋ, ಗೋಬರ್ರೋ?"

ಆ ಕಾಲಕ್ಕೆ ನಮ್ಮ ಕಡೆ ಅನುಕೂಲಸ್ಥರ ಮನೆಗಳಿಗೆಲ್ಲ ಗೋಬರ್ ಗ್ಯಾಸ್ ಬಂದಿತ್ತು. ಕೆಳಮನೆಯ ಡ್ರಮ್ಮು ಕೊಟ್ಟಿಗೆ ಹಿಂದೆ, ಅಲ್ಲಿಂದ ಅಡುಗೆಮನೆಗೆ ಪೈಪು. ಅದನ್ನು ಮುಚ್ಚುವ ತಿರುಪು ಎಲ್ಲಿದೆ ಎಂದು ದೊಡ್ಡಪ್ಪನಿಗೆ ಆ ಗಾಬರಿಯಲ್ಲಿ ನೆನಪೇ ಬರಲಿಲ್ಲ. ದೊಡ್ಡಪ್ಪ ಅಂದರೆ ನನ್ನ ಅಪ್ಪನ ಅಣ್ಣ ಅಲ್ಲ. ಕೆಳಮನೆಯ ಯಜಮಾನರನ್ನು ಊರಿನ ಮಕ್ಕಳೆಲ್ಲ ಕರೆಯುತ್ತಿದ್ದುದೇ ಹಾಗೆ. ತಿರುಪಿನ ಜಾಗ ನನಗೆ ಗೊತ್ತಿತ್ತು. ಕ್ರಿಕೆಟ್ ಚೆಂಡು ಅಲ್ಲಿಗೆ ಬಿದ್ದು ಎಷ್ಟು ಸಲ ಬೈಸಿಕೊಂಡಿಲ್ಲ. "ನನಗೆ ಗೊತ್ತು" ಅಂದೆ. ಒಂದು ಗಳಿಗೆ ಹಿಂದೆ ಇವರನ್ನು ಬೈದ ಬಾಯಿಯೇ.

ಒಬ್ಬ ಫೈರ್‌ಮನ್ ನನ್ನ ಹೆಗಲು ಹಿಡಿದುಕೊಂಡ. ತಳ್ಳಲಿಲ್ಲ, ಎಳೆಯಲಿಲ್ಲ, ಸುಮ್ಮನೆ ಹಿಡಿದಿದ್ದ. ಮನೆಯನ್ನು ಬಳಸಿ ತೋಟದ ಕಡೆಯಿಂದ ಹೋದೆವು. ಡ್ರಮ್ಮು ಕಾಣುವಷ್ಟು ಹತ್ತಿರ ಬಂದಾಗ ಮುಖದ ಚರ್ಮ ಬಿಗಿದಂತಾಯಿತು. "ಎಲ್ಲಿ, ಬೆರಳು ಮಾಡಿ ತೋರಿಸು. ಇಲ್ಲೇ ನಿಲ್ಲು" ಎಂದವನೇ ಕೈಗೆ ಒದ್ದೆ ಗೋಣಿ ಸುತ್ತಿಕೊಂಡು, ಬಗ್ಗಿ, ಹೋಗಿ ತಿರುಪು ಮುಚ್ಚಿ ಬಂದ. ಬರುವಾಗಲೂ ನಡೆದೇ ಬಂದ. ಯಾಕೆ ಓಡುವುದಿಲ್ಲ ಎಂದು ಬೆಳಗಿನ ಜಾವ ಕೇಳಿದ್ದಕ್ಕೆ ಅವನು ಹೇಳಿದ್ದಿಷ್ಟು: "ಓಡಿದ್ರೆ ಬೀಳ್ತೀವಿ. ಬಿದ್ರೆ ಮೊದಲು ನಮ್ಮನ್ನ ಎತ್ತಬೇಕು."

ನಾಲ್ಕನೆಯ ಪ್ರಶ್ನೆ ನೀರಿನದು. ಗಾಡಿಯ ಟ್ಯಾಂಕಿನಲ್ಲಿ ನಾಲ್ಕೂವರೆ ಸಾವಿರ ಲೀಟರ್ ನೀರು. ಕೇಳುವುದಕ್ಕೆ ಬಹಳ, ಎರಡು ಹೋಸು ಬಿಟ್ಟರೆ ಹತ್ತು ಹನ್ನೆರಡು ನಿಮಿಷಕ್ಕೆ ತಳ ಕಾಣುತ್ತದೆ. ಅವನು ಬಾವಿಗೆ ಟಾರ್ಚ್ ಬಿಟ್ಟು ನೋಡಿ ತಲೆ ಆಡಿಸಿದ. ನಲವತ್ತಡಿ ಬಾವಿ. ನೀರು ಕಣ್ಣಿಗೆ ಕಾಣುತ್ತಿದೆ, ಬೇಡ ಅನ್ನುತ್ತಾನಲ್ಲ ಎಂದು ಇನ್ನೊಂದು ಸುತ್ತು ಬೈಗುಳ ಎದ್ದಿತು. ಕಾರಣ ತಿಳಿದದ್ದು ರಜೆ ಮುಗಿಸಿ ಹೋಗಿ ಭೌತಶಾಸ್ತ್ರದ ಪುಸ್ತಕ ಮತ್ತೆ ತೆರೆದಾಗ. ಮೇಲೆ ನಿಂತ ಪಂಪು ನೀರನ್ನು ಹೀರುವುದು ಅಂದರೆ ವಾಸ್ತವದಲ್ಲಿ ಹೊರಗಿನ ಗಾಳಿ ನೀರನ್ನು ತಳ್ಳುವುದು. ಗಾಳಿಯ ಒತ್ತಡ ಎತ್ತಿ ನಿಲ್ಲಿಸುವುದು ಹೆಚ್ಚೆಂದರೆ ಹತ್ತು ಮೀಟರಿನಷ್ಟು ನೀರನ್ನು; ಪಂಪಿನ ಮಟ್ಟಿಗೆ ಏಳೆಂಟು ಮೀಟರ್ ದಾಟಿದರೆ ಕೆಲಸ ಕೆಟ್ಟಿತು. ಈ ಪಾಠಕ್ಕೆ ನಾನು ಪರೀಕ್ಷೆಯಲ್ಲಿ ಐದು ಅಂಕದ ಉತ್ತರ ಬರೆದಿದ್ದೆ. ಆ ಮನುಷ್ಯ ಕತ್ತಲಲ್ಲಿ ಬಾವಿಗೆ ಇಣುಕಿ, ಉಸಿರು ಬಿಡುವಷ್ಟರಲ್ಲಿ ಉತ್ತರ ತೆಗೆದಿದ್ದ. ನಾಲ್ವರು ಪೋರ್ಟಬಲ್ ಪಂಪನ್ನು ಹೆಣ ಹೊತ್ತಂತೆ ಹೊತ್ತು ತೋಟದ ಕೆರೆಗೆ ಇಳಿಸಿದರು. ಗಾಡಿಯಿಂದ ಅಂಗಳಕ್ಕೆ ಹದಿನೈದು ಮೀಟರಿನ ಹತ್ತು ಹೋಸು ಜೋಡಿಸಿ ಎಳೆದರು. ಜೋಡಣೆಯ ಪ್ರತಿ 'ಕಟಕ್' ಶಬ್ದವೂ ಈಗಲೂ ನನ್ನ ಕಿವಿಯಲ್ಲಿದೆ.

ಇನ್ನು ನೀರು ಹೊಡೆಯುತ್ತಾರೆ, ಬೆಂಕಿ ಆರುತ್ತದೆ ಅಂದುಕೊಂಡೆವು. ನೀರು ಬಂತು. ಆದರೆ ಅವರು ಹೊಡೆದದ್ದು ಬೆಂಕಿ ಇಲ್ಲದ ಕಡೆಗೆ!

ಅಡುಗೆಮನೆಯ ಅಟ್ಟ ಧಗಧಗ ಉರಿಯುತ್ತಿದೆ, ದೊಡ್ಡಪ್ಪ ಎರಡೂ ಕೈ ಎತ್ತಿ "ಅಲ್ಲಿ ಹೊಡೀರಿ, ಅಡಿಕೆ ಅಲ್ಲಿದೆ" ಎಂದು ಹಣೆ ಬಡಿದುಕೊಳ್ಳುತ್ತಿದ್ದಾರೆ, ಇವರು ಅಡುಗೆಮನೆಗೂ ನಡುಮನೆಗೂ ಮಧ್ಯದ ಮಾಡಿಗೆ ಏಣಿ ಹಾಕಿದರು. ಇಬ್ಬರು ಮೇಲೆ ಹತ್ತಿದರು. ಲೀಡಿಂಗ್ ಫೈರ್‌ಮನ್ ದೊಡ್ಡಪ್ಪನ ಹತ್ತಿರ ಬಂದು, "ಯಜಮಾನ್ರೆ, ಅಡುಗೆಮನೆ ಹೋಯ್ತು. ಬಿಟ್ಬಿಡಿ. ನಡುಮನೆ ಹಿಡೀತೀನಿ" ಅಂದ. ಅಷ್ಟೇ. ಸಮಾಧಾನದ ಮಾತಿಲ್ಲ, ವಿವರಣೆ ಇಲ್ಲ. ದೊಡ್ಡಪ್ಪ ಅವನ ಅಂಗಿ ಹಿಡಿದು ಜಗ್ಗಿದರು. ಅವನು ಬಿಡಿಸಿಕೊಳ್ಳಲೂ ಇಲ್ಲ, ದೊಡ್ಡಪ್ಪನ ಕಡೆ ನೋಡಲೂ ಇಲ್ಲ. ಮಾಡಿನ ಮೇಲಿದ್ದವರಿಗೆ ಕೈಸನ್ನೆ ಮಾಡುತ್ತಲೇ ಇದ್ದ.

ಧೈರ್ಯದ ಕತೆಗಳನ್ನು ಕೇಳಿ ಬೆಳೆದವರು ನಾವು. ಬೆಂಕಿಗೆ ಹಾರಿ ಮಗುವನ್ನು ಎತ್ತಿಕೊಂಡು ಬರುವವನೇ ಶೂರ. ಅಂಥವರೂ ಇದ್ದಾರೆ, ಇಲ್ಲವೆನ್ನುವುದಿಲ್ಲ. ಆದರೆ ಆ ರಾತ್ರಿ ನಾನು ಕಂಡದ್ದು ಅದಲ್ಲ. ಮನೆಯ ಯಜಮಾನ ಅಂಗಿ ಹಿಡಿದು ಅಳುತ್ತಿರುವಾಗ, ಊರೆಲ್ಲ ಸುತ್ತ ನಿಂತು ಬೈಯುತ್ತಿರುವಾಗ, ಇಲ್ಲಿಂದ ಆಚೆಗಿನದು ಹೋಯಿತು, ಇಲ್ಲಿಂದ ಈಚೆಗಿನದು ನನ್ನದು ಎಂದು ಬೇರೆಯವರ ಮನೆಯ ಮಧ್ಯೆ ಗೆರೆ ಎಳೆಯುವುದು. ಉರಿಗೆ ಹಾರುವುದಕ್ಕಿಂತ ಇದೇ ಕಷ್ಟ ಅಂತ ನನಗೆ ಈಗಲೂ ಅನ್ನಿಸುತ್ತದೆ. ತಪ್ಪಾದರೆ ನಡುಮನೆಯೂ ಹೋಗುತ್ತಿತ್ತು, ಮರುದಿನ ಊರವರು ಅವನ ಹೆಸರಿಗೆ ಅರ್ಜಿ ಬರೆಯುತ್ತಿದ್ದರು.

ಮಾಡಿನ ಮೇಲಿದ್ದವರಲ್ಲಿ ಒಬ್ಬ ಹುಡುಗ, ನನಗಿಂತ ಏಳೆಂಟು ವರ್ಷ ದೊಡ್ಡವನಿರಬೇಕು. ಅವನ ಕೈಯನ್ನೇ ನೋಡುತ್ತ ನಿಂತಿದ್ದೆ. ಮಾಡು ತೆರೆಯಬೇಕು, ಒಳಗಿನ ಹೊಗೆ ಹೋಗಬೇಕು, ಪಕಾಸು ರೀಪು ಕಡಿದು ಬೆಂಕಿಗೆ ದಾರಿ ಇಲ್ಲದಂತೆ ಮಾಡಬೇಕು. ಕೊಡಲಿ ಕೈಯಲ್ಲಿತ್ತು, ಹೆಂಚುಗಳನ್ನು ಒಡೆದು ಕೆಡವಿದ್ದರೆ ಎರಡು ನಿಮಿಷದ ಕೆಲಸ. ಬೆಂಕಿಯ ಕಡೆಗಿನ ಸಾಲುಗಳನ್ನು ಹಾಗೇ ಒಡೆದ. ಆದರೆ ಈಚೆಗಿನ ಸಾಲಿಗೆ ಬಂದವನೇ ಕೊಡಲಿ ಸೊಂಟಕ್ಕೆ ಸಿಕ್ಕಿಸಿ, ಒಂದೊಂದೇ ಹೆಂಚಿನ ತುದಿ ಎತ್ತಿ, ಕೊಂಡಿ ಬಿಡಿಸಿ, ಹಿಂದಿದ್ದವನಿಗೆ ದಾಟಿಸತೊಡಗಿದ. ಆ ಇನ್ನೊಬ್ಬ ಅವನ್ನು ಏಣಿಯಲ್ಲಿದ್ದ ನಮ್ಮವರ ಕೈಗೆ ಕೊಟ್ಟ. ಹೊಗೆ ಕುಡಿದು ಕಪ್ಪಾಗಿದ್ದ ಬಿಸಿ ಹೆಂಚುಗಳು, ಗೋಣಿ ಸುತ್ತಿದ ಕೈಗಳಿಂದ ಕೈಗೆ ಇಳಿದು ಹಲಸಿನ ಬುಡದಲ್ಲಿ ಸಾಲಾಗಿ ನಿಂತವು. ಮುಂದೆ ಮತ್ತೆ ಕಟ್ಟಿದ ಕೊಟ್ಟಿಗೆಯ ಮಾಡಿಗೆ ಏರಿದ್ದು ಇವೇ. ಹೆಂಚಿನ ಮನೆಯಲ್ಲಿ ಹುಟ್ಟಿದವನಿಗೆ ಮಾತ್ರ ಬರುವ ಕೈ ಅದು. ಹೆಂಚಿಗೆ ಏನು ಬೆಲೆ, ಮಳೆಗಾಲಕ್ಕೆ ಮುಂಚೆ ಅವು ಸಿಗದಿದ್ದರೆ ಏನು ಪಾಡು ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ಮಾಡು ತೆರೆದದ್ದೇ ತಡ, ನಡುಮನೆಯಲ್ಲಿ ಕಟ್ಟಿಕೊಂಡಿದ್ದ ಹೊಗೆ ಬಚ್ಚಲ ಗೂಡಿನಿಂದ ಹೊರಟ ಹಾಗೆ ಮೇಲೆದ್ದು ಹೋಯಿತು. ಒಬ್ಬ ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಅಂಬೆಗಾಲಿನಲ್ಲಿ ಒಳಗೆ ಹೋದ. ಹೊಗೆ ಮೇಲೆ ತೇಲುತ್ತದೆ, ಉಸಿರಾಡುವಂಥ ಗಾಳಿ ಇದ್ದರೆ ನೆಲದ ಹತ್ತಿರ ಮಾತ್ರ. ಬೆಂಕಿಯ ಅನಾಹುತಗಳಲ್ಲಿ ಜನ ಸುಡುವುದಕ್ಕೆ ಮೊದಲು ಉಸಿರುಗಟ್ಟುತ್ತಾರೆ ಎಂಬುದನ್ನು ಮುಂದೆ ಬೆಂಗಳೂರಿನಲ್ಲಿ ಕಂಡೆ: 2010ರ ಫೆಬ್ರವರಿ 23ರಂದು ಕಾರ್ಲ್‌ಟನ್ ಟವರ್ಸ್‌ನಲ್ಲಿ ಒಂಬತ್ತು ಜನ ಸತ್ತರು. ಹೊಗೆ ತಾಳಲಾರದೆ ಮೇಲಿನಿಂದ ಹಾರಿದವರನ್ನು ಟೀವಿಯಲ್ಲಿ ನೋಡಿ ಆ ರಾತ್ರಿ ನನಗೆ ಊಟ ಸೇರಲಿಲ್ಲ. ಅಂದು ಕೂಡ ಕೆಳಗೆ ನಿಂತ ಜನ ಕೂಗುತ್ತಿದ್ದರು. ಆ ಕೂಗಿನ ರಾಗ ನನಗೆ ಗೊತ್ತಿತ್ತು.

ಮಧ್ಯರಾತ್ರಿ ಹೊತ್ತಿಗೆ ಉರಿ ಅಡಗಿತು. ನಮ್ಮ ಮನೆ ಅಜ್ಜಿ ಬೇಲಿ ಆಚೆಯಿಂದಲೇ ಕೇಳಿದಳು, "ಶಾಂತ ಆಯ್ತಾ?" ಅವಳ ಬಾಯಲ್ಲಿ ಬೆಂಕಿ ಆರುವುದಾಗಲಿ ದೀಪ ಆರುವುದಾಗಲಿ ಇರಲಿಲ್ಲ, ಅವು ಶಾಂತ ಆಗಬೇಕು ಅಷ್ಟೆ. 'ಅಗ್ನಿಶಾಮಕ' ಎಂಬ ಸರ್ಕಾರಿ ಸಂಸ್ಕೃತ ನಮ್ಮೂರಲ್ಲಿ ಯಾರ ನಾಲಗೆಗೂ ಹತ್ತುವುದಿಲ್ಲ, ನಮಗೆ ಅವರು ಫೈರ್ ಇಂಜಿನ್ನಿನವರು. ಆದರೆ ಆ ಪದ ಕಟ್ಟಿದವನ ಮನೆಯಲ್ಲೂ ಇಂಥ ಒಬ್ಬಳು ಅಜ್ಜಿ ಇದ್ದಿರಬಹುದು.

ಬೆಂಕಿ ಆರಿತು, ಇನ್ನು ಹೊರಡುತ್ತಾರೆ ಅಂದುಕೊಂಡರೆ ಅವರು ಹೊರಡಲಿಲ್ಲ. ಗುದ್ದಲಿ ಹಿಡಿದು ಬೂದಿ ಕೆದಕಲು ಕೂತರು. ಅಡಿಕೆ ರಾಶಿ ಮೇಲಿಂದ ತಣ್ಣಗೆ, ಒಳಗೆ ಕೆಂಡ. ಕೆದಕುವುದು, ಹರಡುವುದು, ನೀರು ಹಾಕುವುದು, ಅಂಗೈ ಹತ್ತಿರ ತಂದು ಬಿಸಿ ನೋಡುವುದು. ಮತ್ತೆ ಕೆದಕುವುದು. ಇದು ಮೂರು ತಾಸು ನಡೆಯಿತು. ನೋಡಲು ನಿಂತವರು ಒಬ್ಬೊಬ್ಬರೇ ಆಕಳಿಸಿ ಮನೆಗೆ ಹೋದರು. ಉರಿಯುವ ಮನೆಗೆ ಊರೆಲ್ಲ ಸೇರುತ್ತದೆ, ಬೂದಿ ಕೆದಕುವವನ ಹತ್ತಿರ ಯಾರೂ ನಿಲ್ಲುವುದಿಲ್ಲ. ಬೆಳಗಿನ ಜಾವ ಅಮ್ಮ ಒಂದು ತಂಬಿಗೆ ಕಾಫಿ ತಂದಳು. ಆರೂ ಜನ ಜಗಲಿ ಹತ್ತದೆ ಮೆಟ್ಟಿಲ ಮೇಲೆ ಕೂತು ಕುಡಿದರು. ಬಟ್ಟೆಯೆಲ್ಲ ಕೆಸರು ಮಸಿ, ಜಗಲಿ ಕೊಳೆಯಾದೀತೆಂದು. ಆ ಜಗಲಿ ಉಳಿದದ್ದೇ ಅವರಿಂದ.

ಹತ್ತು ಹದಿನೈದು ವರ್ಷದ ನಂತರ ಶಿವಮೊಗ್ಗದಲ್ಲಿ ಒಂದು ಮದುವೆ ಪಂಕ್ತಿಯಲ್ಲಿ ನಿವೃತ್ತ ಫೈರ್‌ಮನ್ ಒಬ್ಬರು ಪಕ್ಕಕ್ಕೆ ಕೂತಿದ್ದರು. ಬೇರೆ ಠಾಣೆಯವರು, ಕೆಳಮನೆಯ ಸುದ್ದಿ ಗೊತ್ತಿಲ್ಲ. ನಾನು ಕೆದಕಿದೆ. "ಬೆಂಕಿ ಎಲ್ಲಿ ಸ್ವಾಮಿ" ಎಂದು ನಕ್ಕರು, "ಬಾವಿಗೆ ಬಿದ್ದ ದನ, ಕೆರೆಗೆ ಬಿದ್ದ ಹೆಣ, ಮಳೆಗಾಲದಲ್ಲಿ ರಸ್ತೆಗೆ ಬಿದ್ದ ಮರ. ಅದೇ ಜಾಸ್ತಿ." ಊಟಕ್ಕೆ ಕೂತಾಗಲೇ ಗಂಟೆ ಹೊಡೆಯುವುದು, ಓಡಿ ಹೋದರೆ ಸುಳ್ಳು ಕರೆ. ಅವರು ಪಾಯಸವನ್ನು ಬೇಗ ಬೇಗ ಮುಗಿಸಿದರು. ನೌಕರಿ ಬಿಟ್ಟು ಆರು ವರ್ಷವಾಗಿದ್ದರೂ ಊಟದ ವೇಗ ಬಿಟ್ಟಿರಲಿಲ್ಲ. ಏಪ್ರಿಲ್ 14ರ ಮಾತು ಬಂದಾಗ ಮಾತ್ರ ಕೈ ನಿಂತಿತು. 1944ರಲ್ಲಿ ಆ ದಿನ ಮುಂಬೈ ಬಂದರಿನಲ್ಲಿ ಫೋರ್ಟ್ ಸ್ಟೈಕಿನ್ ಎಂಬ ಹಡಗಿಗೆ ಬೆಂಕಿ ಬಿತ್ತು. ಅದರೊಳಗೆ ಹತ್ತಿಯ ಮೂಟೆಗಳ ಜೊತೆ ಸುಮಾರು 1,400 ಟನ್ ಸ್ಫೋಟಕ. ಹಡಗು ಸಿಡಿದಾಗ ಫೈರ್‌ಮನ್‌ಗಳೇ 66 ಜನ ಹೋದರು. ದೇಶದ ಅಗ್ನಿಶಾಮಕ ಠಾಣೆಗಳೆಲ್ಲ ಪ್ರತಿವರ್ಷ ಅವತ್ತು ಅವರನ್ನು ನೆನೆಯುತ್ತವೆ. "ಒಳಗೆ ಏನಿದೆ ಅಂತ ಕೇಳಿದ್ರೆ ಜನಕ್ಕೆ ಸಿಟ್ಟು ಬರುತ್ತೆ. ನಾವು ಕೇಳಲೇಬೇಕಲ್ಲ" ಎಂದರು. ಅಂಗಳದಲ್ಲಿ ನಿಂತ ಸಣಕಲು ಮನುಷ್ಯನ ನಾಲ್ಕು ಪ್ರಶ್ನೆ ನನಗೆ ಅಲ್ಲಿ, ಬಾಳೆಯೆಲೆಯ ಮುಂದೆ, ಇನ್ನೊಂದು ಸಲ ಕೇಳಿಸಿತು.

ಕೊನೆಯದೊಂದು ಉಳಿದಿದೆ. ಬೆಂಕಿಯಾಗಿ ಹತ್ತು ದಿನಕ್ಕೆ ದೊಡ್ಡಪ್ಪ ಪರಿಹಾರದ ಅರ್ಜಿಗೆ ಫೈರ್ ರಿಪೋರ್ಟ್ ಬೇಕೆಂದು ಪೇಟೆಗೆ ಹೊರಟರು. ಕಾಗದ ಓದಿ ಹೇಳಲು ನಾನು ಜೊತೆಗೆ. ಒಂದು ಬಾಳೆಗೊನೆ ನನ್ನ ಹೆಗಲ ಮೇಲೆ. ಅಂಗಿ ಹಿಡಿದು ಜಗ್ಗಿದ್ದಕ್ಕೆ ದೊಡ್ಡಪ್ಪನಿಗೆ ತೋಚಿದ ಪ್ರಾಯಶ್ಚಿತ್ತ ಅದು. ಆದರೆ ಠಾಣೆಯಲ್ಲಿ ಆ ಆರು ಜನರಲ್ಲಿ ಒಬ್ಬರೂ ಇರಲಿಲ್ಲ, ಎಲ್ಲಿಗೋ ದನ ಎತ್ತಲು ಹೋಗಿದ್ದರು. ಫೋನಿನ ಮುಂದೆ ಕೂತವನು ರಿಜಿಸ್ಟರ್ ತೆಗೆದ. ನಮ್ಮ ಇಡೀ ರಾತ್ರಿ ಅಲ್ಲಿ ಒಂದೂವರೆ ಸಾಲಿನಲ್ಲಿತ್ತು: ಕರೆ ಬಂದ ಹೊತ್ತು, ಗಾಡಿ ಹೊರಟ ಹೊತ್ತು, ವಾಸದ ಮನೆ, ಅಡಿಕೆ ಒಲೆಯ ಕಿಡಿ. ಕರೆಗೂ ಹೊರಟದ್ದಕ್ಕೂ ನಡುವೆ ಒಂದೇ ನಿಮಿಷ. ಕೊನೆಯಲ್ಲಿ ಎರಡು ಕಾಲಂ. ನಷ್ಟವಾದ ಆಸ್ತಿ, ಒಂದೂವರೆ ಲಕ್ಷ. ಉಳಿಸಿದ ಆಸ್ತಿ, ಎರಡು ಲಕ್ಷ.

"ಇದೆಂತದು ಎರಡನೇದು?" ದೊಡ್ಡಪ್ಪ ಕೇಳಿದರು.

"ಸುಡದೆ ಉಳಿದದ್ದು ಯಜಮಾನ್ರೆ. ಅದನ್ನೂ ಬರೀಬೇಕು."

ದೊಡ್ಡಪ್ಪ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಹತ್ತು ದಿನದಿಂದ ಬಂದವರಿಗೆಲ್ಲ ಹೋದದ್ದರ ಲೆಕ್ಕವನ್ನೇ ಒಪ್ಪಿಸುತ್ತಿದ್ದವರು, ರಿಜಿಸ್ಟರಿನ ಮೇಲೆ ಬೆರಳಿಟ್ಟು ರೇಗಿದರು.

"ಎರಡು ಲಕ್ಷವಾ? ನಡುಮನೆ ಕಂಬ ನಾಲ್ಕಕ್ಕೇ ಅಷ್ಟಾಗುತ್ತೆ. ದೇವರ ಕೋಣೆ, ಪತ್ತಾಯ, ಜಗಲಿ? ಅಷ್ಟು ಹೆಂಚು ಇಳಿಸಿ ಕೊಟ್ಟಿದ್ದಾರೆ, ಅದು? ಇದೆಂಥ ಲೆಕ್ಕ ಮಾರಾಯ್ರೆ, ಜಾಸ್ತಿ ಮಾಡಿ ಬರೀರಿ."

ಬಂದವರೆಲ್ಲ ಜಾಸ್ತಿ ಮಾಡಿ ಎನ್ನುವುದು ಮೊದಲ ಕಾಲಂ ಅನ್ನು, ಎರಡನೆಯದಕ್ಕೆ ಜಗಳಕ್ಕೆ ಬಂದವರು ನೀವೇ ಎಂದು ಅವನು ನಕ್ಕ. ಸಾಹೇಬರ ಸಹಿ ಆಗಿದೆ, ಈಗ ತಿದ್ದುವ ಹಾಗಿಲ್ಲ ಎಂದ. ದೊಡ್ಡಪ್ಪ ಕೇಳಲಿಲ್ಲ. ಬಾಳೆಗೊನೆಯನ್ನು ಮೇಜಿಗೆ ಒರಗಿಸಿ, ಬೆಂಚು ಎಳೆದುಕೊಂಡು ಕೂತು, ಕಂಬದಿಂದ ಶುರುಮಾಡಿ ಒಂದೊಂದನ್ನೇ ಹೇಳುತ್ತ ಹೋದರು. ನಮ್ಮ ಮಧ್ಯಾಹ್ನದ ಬಸ್ಸು ತಪ್ಪಿತು.